ಟಾಹೋ ಲಾಡ್ಜಿಗೆ ಹೊರಡುವ ಮುನ್ನ: ಚೈನು, ಕುಕ್ಕರು, ಕರಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ಟಾಹೋ ಮಾತು ಶುರು. ಟಾಹೋ ಎಂದರೆ ಬೆಟ್ಟಗಳ ಮೇಲಿನ ದೊಡ್ಡ ಸರೋವರ, ಚಳಿಗಾಲದಲ್ಲಿ ಸುತ್ತೆಲ್ಲ ಹಿಮ. ನಾನಿರುವುದು ಫ್ರೀಮಾಂಟಿನಲ್ಲಿ, ಹುಟ್ಟಿದೂರು ಚಿಕ್ಕಮಗಳೂರು. ಊರಿಂದ ಅತ್ತೆ ಮಾವ ಬಂದಾಗಲೂ ಅಷ್ಟೇ, ನಾಲ್ಕು ಸಂಸಾರ ಸೇರಿ ಹೊರಟಾಗಲೂ ಅಷ್ಟೇ, ಏರ್ಪಾಟೆಲ್ಲ ನನ್ನ ತಲೆಗೇ ಬರುತ್ತದೆ. ನೋಡುವ ಜಾಗಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ನಾನು ದಾರಿ ಮತ್ತು ಅಡುಗೆಮನೆಯ ಬಗ್ಗೆ ಹೇಳುತ್ತೇನೆ. ಇವೆರಡು ಸರಿಯಿದ್ದರೆ ಮಿಕ್ಕಿದ್ದು ತಾನಾಗಿ ನಡೆಯುತ್ತದೆ.

ಮೊದಲು ದಿನ ಗೊತ್ತುಮಾಡಿ, ಆಮೇಲೆ ಲಾಡ್ಜು. ಶುಕ್ರವಾರ ಸಂಜೆ ಹೊರಡಲೇಬೇಡಿ. ರಸ್ತೆ ಒಣಗಿದ್ದರೆ ಸುಮಾರು ನಾಲ್ಕು ಗಂಟೆಯ ದಾರಿ. ಹಿಮ ಬೀಳುವ ಶುಕ್ರವಾರ ಅದೇ ದಾರಿ ಎಂಟು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಮೇಲೆ ಐದಕ್ಕೆಲ್ಲ ಕತ್ತಲು ಬೇರೆ. ಬೆಳಗಿನ ಜಾವ ಮನೆ ಬಿಡಿ, ಸ್ಯಾಕ್ರಮೆಂಟೊ ದಾಟಿ ಬುತ್ತಿ ಬಿಚ್ಚಿ. ವಾಪಸು ಬರಲು ಭಾನುವಾರ ಮಧ್ಯಾಹ್ನವೂ ಬೇಡ. ಒಂದು ದಿನ ರಜೆ ಹಾಕಿ ಸೋಮವಾರ ಬನ್ನಿ.

ಲಾಡ್ಜ್ ಆರಿಸುವಾಗ ಎಲ್ಲರೂ ಸರೋವರ ಕಾಣುವ ಕಿಟಕಿಗೆ ಜಾಸ್ತಿ ದುಡ್ಡು ಕೊಡುತ್ತಾರೆ. ಹಿಮ ಸುರಿಯುವಾಗ ಆ ಕಿಟಕಿಯಲ್ಲಿ ಬರೀ ಬಿಳುಪು. ಅದರ ಬದಲು ಫೋನ್ ಮಾಡಿ ಕೇಳಬೇಕಾದ್ದು ಬೇರೆ ಇದೆ. ಅಂಗಳದ ಹಿಮ ಯಾರು ತೆಗೆಯುತ್ತಾರೆ? ಮನೆಯವರೆಗಿನ ದಾರಿ ಕಡಿದಾದ ಏರೇ? ಒಲೆ ಯಾವ ಥರದ್ದು? ವಯಸ್ಸಾದವರಿದ್ದರೆ ಬಾಗಿಲಲ್ಲಿ ಎಷ್ಟು ಮೆಟ್ಟಿಲು? ಸೌತ್ ಲೇಕ್ ಟಾಹೋ ಕಡೆ ಅಂಗಡಿ, ಹೋಟೆಲ್ಲು, ಬೆಟ್ಟ ಹತ್ತಿಸುವ ಹೆವನ್ಲಿ ಗೊಂಡೋಲ (ಕೇಬಲ್ ಕಾರು) ಎಲ್ಲ ಹತ್ತಿರ. ಮಕ್ಕಳು, ಹಿರಿಯರು ಇದ್ದರೆ ನನ್ನ ಓಟು ಅದಕ್ಕೇ. ಪಶ್ಚಿಮ ದಂಡೆ ಚೆಂದ, ನಿಜ. ಆದರೆ ಜೋರು ಹಿಮ ಬಿದ್ದಾಗ ಎಮರಾಲ್ಡ್ ಬೇ ಹತ್ತಿರ 89ನೇ ಹೆದ್ದಾರಿ ಮುಚ್ಚುವುದುಂಟು. ಮೇಲಿನಿಂದ ಹಿಮ ಕುಸಿಯುವ ಜಾಗ ಅದು.

ಈಗ ಚೈನು, ಅಂದರೆ ಹಿಮದಲ್ಲಿ ಜಾರದಂತೆ ಟೈರಿಗೆ ಕಟ್ಟುವ ಸರಪಳಿ. ಮೇಲೆ ಹತ್ತಲು ಎರಡು ಮುಖ್ಯ ದಾರಿ. 80ನೇ ಹೆದ್ದಾರಿಯಲ್ಲಿ ಹೋದರೆ 7,239 ಅಡಿ ಎತ್ತರದ ಡಾನರ್ ಸಮ್ಮಿಟ್, 50ರಲ್ಲಿ ಹೋದರೆ 7,382 ಅಡಿಯ ಎಕೋ ಸಮ್ಮಿಟ್. ಹೊರಡುವ ಮುಂಚೆ ರಾಜ್ಯದ ರಸ್ತೆ ಇಲಾಖೆಯಾದ ಕಾಲ್‌ಟ್ರಾನ್ಸ್‌ನವರ ಕ್ವಿಕ್‌ಮ್ಯಾಪ್ ಎಂಬ ಆನ್‌ಲೈನ್ ನಕ್ಷೆ ನೋಡಿ, ಯಾವ ರಸ್ತೆಗೆ ಯಾವ ಚೈನು ನಿಯಮ ಎಂದು ಅದರಲ್ಲಿರುತ್ತದೆ. ಆರ್-2 ಎಂದಿದ್ದರೆ ಚೈನು ಕಟ್ಟಲೇಬೇಕು. ನಾಲ್ಕೂ ಚಕ್ರಕ್ಕೆ ಎಳೆತವಿರುವ ಗಾಡಿಗೆ, ಅದೂ ನಾಲ್ಕೂ ಸ್ನೋ ಟೈರ್ ಇದ್ದರೆ ಮಾತ್ರ, ವಿನಾಯಿತಿ. ಟೈರಿನ ಪಕ್ಕದಲ್ಲಿ ಎಂ+ಎಸ್ (ಕೆಸರು, ಹಿಮಕ್ಕೆ ಆಗುವ ಟೈರು) ಗುರುತು ಇದೆಯೇ ನೋಡಿಕೊಳ್ಳಿ. ಅಂಥ ಗಾಡಿಯಲ್ಲೂ ಚೈನು ಡಿಕ್ಕಿಯಲ್ಲಿ ಇರಲೇಬೇಕು. ಆರ್-3 ಎಂದರೆ ಯಾರಿಗೂ ವಿನಾಯಿತಿಯಿಲ್ಲ. ಬಾಡಿಗೆ ಕಾರಾದರೆ ಕರಾರು ಓದಿ, ಚೈನು ಹಾಕಕೂಡದು ಎಂದು ಬಹಳ ಕಡೆ ಬರೆದಿರುತ್ತಾರೆ.

ನಮ್ಮನೆಯವರು ಚೈನನ್ನು ಮನೆಯ ಅಂಗಳದಲ್ಲೇ ಒಮ್ಮೆ ಹಾಕಿ ಬಿಚ್ಚುತ್ತಾರೆ. ನೀವೂ ಹಾಗೇ ಮಾಡಿ. ಕ್ಯಾಮ್ರಿಯಂಥ ಕಾರಿಗೆ ಎಳೆತ ಮುಂದಿನ ಚಕ್ರದಿಂದ, ಚೈನು ಅಲ್ಲಿಗೇ. ದಾರಿ ಪಕ್ಕದಲ್ಲಿ ದುಡ್ಡು ತೆಗೆದುಕೊಂಡು ಕಟ್ಟಿಕೊಡುವವರೂ ಇರುತ್ತಾರೆ. ಕಟ್ಟಿದ ಮೇಲೆ ಗಂಟೆಗೆ 25–30 ಮೈಲಿ ಮೀರಬೇಡಿ. ಹೆದ್ದಾರಿ ಮುಚ್ಚಿದಾಗ ಫೋನಿನ ಮ್ಯಾಪು ಕಾಡಿನ ಸಣ್ಣ ರಸ್ತೆ ತೋರಿಸಿದರೆ ಆ ಕಡೆ ತಿರುಗಲೇಬೇಡಿ. ಅಲ್ಲಿ ಹಿಮ ತೆಗೆಯುವವರೇ ಇರುವುದಿಲ್ಲ. ಹಿಮದಲ್ಲಿ ಸಿಕ್ಕಿಕೊಂಡು ಎಂಜಿನ್ ಓಡಿಸಬೇಕಾಗಿ ಬಂದರೆ ಮೊದಲು ಇಳಿದು ಹೊಗೆ ಕೊಳವೆಯ ಸುತ್ತ ಹಿಮ ತೆಗೆಯಿರಿ. ಇಲ್ಲದಿದ್ದರೆ ವಿಷದ ಹೊಗೆ ಕಾರಿನೊಳಗೇ ಬರುತ್ತದೆ. ಕಂಬಳಿ, ನೀರು, ಅರ್ಧಕ್ಕಿಂತ ಹೆಚ್ಚು ಪೆಟ್ರೋಲು ಸದಾ ಇರಲಿ.

ಅಡುಗೆಗೆ ಬರೋಣ. ಸರೋವರವೇ 6,225 ಅಡಿ ಮೇಲಿದೆ, ಅಂದರೆ ಹತ್ತಿರಹತ್ತಿರ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು. ಅಲ್ಲಿ ನೀರು 94 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಬೇಯುವಷ್ಟರಲ್ಲಿ ಮಕ್ಕಳು ಮಲಗಿರುತ್ತಾರೆ. ಕುಕ್ಕರ್ ಮನೆಯಿಂದಲೇ ಒಯ್ಯಿರಿ, ಒಂದೆರಡು ವಿಸಿಲ್ ಜಾಸ್ತಿ ಹಾಕಿಸಿ. ಇಂಡಕ್ಷನ್ ಒಲೆಯಾದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರುವುದಿಲ್ಲ. ಒಲೆ ಯಾವುದೆಂದು ಮೊದಲೇ ಕೇಳಿ ಎಂದದ್ದು ಇದಕ್ಕೇ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮುಂಚೆ ಫ್ಯಾನ್ ಹಚ್ಚಿ, ಹೊಗೆಗೆ ಅಲಾರಂ ಕೂಗಿಕೊಳ್ಳುತ್ತದೆ. ಗೊಜ್ಜವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ದರೆ ಮೊದಲ ರಾತ್ರಿ ಒಲೆಯ ತಂಟೆಯೇ ಬೇಡ.

ಆದರೆ ಒಂದು ಪೊಟ್ಟಣವೂ ಕಾರಿನಲ್ಲಿ ಉಳಿಯಬಾರದು. ಟಾಹೋ ಸುತ್ತ ಕರಿ ಕರಡಿಗಳಿವೆ. ಕಸದ ಡಬ್ಬಿಯಲ್ಲಿ ಊಟ ಸಿಗುವ ಕಡೆ ಚಳಿಗಾಲದಲ್ಲೂ ಕೆಲವು ಓಡಾಡುತ್ತಿರುತ್ತವೆ. ಚಿಪ್ಸ್ ವಾಸನೆಗೆ ಕಾರಿನ ಬಾಗಿಲು ಮುರಿಯುವುದು ಅವಕ್ಕೆ ದೊಡ್ಡ ಕೆಲಸವಲ್ಲ. ಕಸವನ್ನು ಲಾಡ್ಜಿನವರ ಕಬ್ಬಿಣದ ಕರಡಿ ಪೆಟ್ಟಿಗೆಗೇ ಹಾಕಿ.

ಬಟ್ಟೆ ವಿಷಯ ಸಣ್ಣದು: ಜೀನ್ಸ್ ಬೇಡ. ಒದ್ದೆಯಾದ ಹತ್ತಿ ಬಟ್ಟೆ ಒಣಗುವುದೇ ಇಲ್ಲ. ಮೈಗೆ ಥರ್ಮಲ್, ಮೇಲೆ ಉಣ್ಣೆ, ಹೊರಗೆ ನೀರಿಳಿಯದ ಜಾಕೆಟ್. ಒಂದು ಜೊತೆ ಕೈಗವಸು, ಕಾಲುಚೀಲ ಹೆಚ್ಚಿಗೆ ಇರಲಿ. ಬಿಸಿಲು ಹಿಮಕ್ಕೆ ಬಡಿದು ಕಣ್ಣಿಗೆ ರಾಚುತ್ತದೆ, ಕಪ್ಪು ಕನ್ನಡಕ ಅಜ್ಜಿಯರಿಗೂ ಬೇಕು.

"ಕೆರೆ ಮೇಲೆ ನಡೀಬಹುದಾ?" ಎಂದು ನಮ್ಮತ್ತೆ ಕೇಳಿದ್ದರು. ಇಲ್ಲ ಅತ್ತೆ, ಇದು ಹೆಪ್ಪುಗಟ್ಟುವುದಿಲ್ಲ. 1,645 ಅಡಿ ಆಳ. ಮೇಲಿನ ನೀರು ತಣ್ಣಗಾಗಿ ಕೆಳಗಿಳಿದಂತೆ ಅಡಿಯ ನೀರು ಮೇಲೆ ಬರುತ್ತದೆ, ಅಷ್ಟನ್ನೂ ಗಟ್ಟಿ ಮಾಡಲು ಒಂದು ಚಳಿಗಾಲ ಸಾಲದು. ಜಾರಾಟಕ್ಕೆ ಸ್ನೋ-ಪಾರ್ಕ್‌ಗಳಿವೆ, ಅಂದರೆ ಕಾರು ನಿಲ್ಲಿಸಿ ಹಿಮದಲ್ಲಿ ಆಡುವ ಜಾಗಗಳು; ಪರ್ಮಿಟ್ ಮೊದಲೇ ತೆಗೆದುಕೊಳ್ಳಿ. ಹೆದ್ದಾರಿ ಪಕ್ಕದ ದಿಬ್ಬದಲ್ಲಿ ಮಕ್ಕಳನ್ನು ಜಾರಲು ಬಿಡಬೇಡಿ, ಜಾರಿದವರು ಬಂದು ನಿಲ್ಲುವುದು ರಸ್ತೆಯ ಮೇಲೇ.

ವಾಪಸು ಬಂದ ಮೇಲೆ ಚೈನು ತೊಳೆದು, ಪೂರ್ತಿ ಒಣಗಿಸಿ ಎತ್ತಿಡಿ. ಕಾರಿನ ಅಡಿಗೂ ನೀರು ಹೊಡೆಸಿ, ರಸ್ತೆಗೆ ಹಾಕಿದ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ.