ಮನೆ ರಿಪೇರಿಲಿ ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಬಿಗಿ ಹಿಡೀಬೇಕು

ಮೊನ್ನೆ ಮಗಳು ಫೋನ್ ಮಾಡಿ, ಅಮ್ಮ ಬಾತ್ರೂಮ್ ಪೂರ್ತಿ ಒಡೆದು ಹೊಸದಾಗಿ ಮಾಡಿಸ್ತಿದೀವಿ, ಎರಡು ಥರ ಟೈಲ್ಸ್ ನೋಡಿದೀವಿ, ಒಂದು ಇನ್ನೊಂದರ ಎರಡರಷ್ಟು ರೇಟು, ಯಾವುದು ತಗೊಳ್ಳೋದು ಹೇಳು ಅಂದ್ಲು. ಟೈಲ್ಸ್ ಆಮೇಲೆ ನೋಡೋಣ, ಅದರ ಕೆಳಗೆ ವಾಟರ್ ಪ್ರೂಫಿಂಗ್ ಏನು ಮಾಡಿಸ್ತಿದೀರಾ ಅಂತ ಕೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಅದಕ್ಕೇ ಇದನ್ನ ಬರೀತಿದೀನಿ, ಅವಳಿಗೆ ಹೇಳಿದ್ದು ಇನ್ನೂ ನಾಲ್ಕು ಜನಕ್ಕೆ ಉಪಯೋಗ ಆಗ್ಲಿ ಅಂತ.

ದುಡ್ಡು ಎಲ್ಲಿ ಹಾಕಬೇಕು ಅನ್ನೋದಕ್ಕೆ ನಾನು ಕೇಳ್ಕೊಳೋದು ಒಂದೇ ಪ್ರಶ್ನೆ. ಇದು ನಾಳೆ ಕೆಟ್ಟರೆ ಏನೇನು ಒಡೀಬೇಕಾಗುತ್ತೆ? ಬರೀ ನಾಲ್ಕು ಸ್ಕ್ರೂ ಬಿಚ್ಚಿದ್ರೆ ಬದಲಾಯಿಸಬಹುದು ಅಂದ್ರೆ ಅಲ್ಲಿ ಉಳಿಸಿ, ತಪ್ಪೇನಿಲ್ಲ. ಗೋಡೆ ಒಡೀಬೇಕು, ನೆಲ ಅಗೀಬೇಕು ಅಂದ್ರೆ ಅಲ್ಲಿ ದಯವಿಟ್ಟು ಉಳಿಸೋಕೆ ಹೋಗ್ಬೇಡಿ. ನಾವೆಲ್ಲ ಮಾಡೋದು ಇದಕ್ಕೆ ಉಲ್ಟಾ, ಕಣ್ಣಿಗೆ ಕಾಣೋದಕ್ಕೆ ಸುರೀತೀವಿ, ಒಳಗೆ ಹೋಗೋದನ್ನ ಯಾರು ನೋಡ್ತಾರೆ ಅಂತ ಮೇಸ್ತ್ರಿ ಹೇಳಿದ್ದಕ್ಕೆ ತಲೆ ಆಡಿಸ್ತೀವಿ.

ನಾನೂ ಹಾಗೇ ತಲೆ ಆಡಿಸಿದವಳೇ. ಬಾತ್ರೂಮಿಗೆ ವಾಟರ್ ಪ್ರೂಫಿಂಗ್ ಬೇಡ, ಸಿಮೆಂಟಿಗೇ ಸ್ವಲ್ಪ ಪೌಡರ್ ಬೆರೆಸಿದ್ರೆ ಸಾಕು ಅಂದ್ರು, ಒಪ್ಪಿದೆ, ಉಳಿದ ದುಡ್ಡಲ್ಲಿ ಒಳ್ಳೆ ವಾಷ್ ಬೇಸಿನ್ ಹಾಕಿಸಿದೆ. ಎರಡು ವರ್ಷ ಏನೂ ಗೊತ್ತಾಗ್ಲಿಲ್ಲ. ಮೂರನೇ ವರ್ಷ ಬೀರು ಸರಿಸಿದಾಗ ನೋಡ್ತೀನಿ, ಬಾತ್ರೂಮಿನ ಆಚೆ ಕಡೆ ಗೋಡೆಲಿ ಮೊಣಕಾಲೆತ್ತರ ಬಣ್ಣ ಊದ್ಕೊಂಡಿದೆ, ಬೆರಳು ತಾಗಿಸಿದ್ರೆ ಚಕ್ಕೆ ಚಕ್ಕೆಯಾಗಿ ಉದುರುತ್ತೆ, ಒಳಗೆ ಬಿಳೀ ಉಪ್ಪು ಥರ ಪುಡಿ. ಆ ಬಣ್ಣ ಕೆರೆದು ಮತ್ತೆ ಬಳಿಸಿದ್ವಿ, ಆರು ತಿಂಗಳಿಗೆ ಮತ್ತೆ ಊದ್ಕೊಳ್ತು. ಕೊನೆಗೆ ಅಷ್ಟೂ ಟೈಲ್ಸ್ ಒಡೆಸಬೇಕಾಯ್ತು. ಮೊದಲು ಉಳಿಸಿದ್ದು ಅಷ್ಟಿಷ್ಟು, ಆಮೇಲೆ ಕೊಟ್ಟಿದ್ದು ಅದರ ಎಷ್ಟೋ ಪಟ್ಟು, ಜೊತೆಗೆ ಹದಿನೈದು ದಿನ ಮನೆ ತುಂಬ ಧೂಳು.

ಅದಕ್ಕೇ ವಾಟರ್ ಪ್ರೂಫಿಂಗ್ ಕೋಟಿಂಗ್ ಹಾಕಿಸುವಾಗ ಪಕ್ಕದಲ್ಲೇ ನಿಂತು ನೋಡಿ. ನೆಲ ಒಂದಕ್ಕೇ ಅಲ್ಲ, ಗೋಡೆ ಮೇಲೂ ಒಂದಡಿ ಬರಬೇಕು, ಶವರ್ ಇರೋ ಕಡೆ ಆಳೆತ್ತರ ಬಂದ್ರೆ ಇನ್ನೂ ಒಳ್ಳೇದು. ನೀರು ಜಾಸ್ತಿ ಇಳಿಯೋದು ನೆಲ ಗೋಡೆ ಸೇರೋ ಮೂಲೆಲಿ ಮತ್ತೆ ಪೈಪು ಹೊರಗೆ ಬರೋ ತೂತಿನ ಸುತ್ತ, ಅಲ್ಲಿ ಅವಸರ ಮಾಡೋಕೆ ಬಿಡ್ಬೇಡಿ. ಕೋಟಿಂಗ್ ಚೆನ್ನಾಗಿ ಒಣಗಿದ ಮೇಲೆ ನೀರು ಹೋಗೋ ಟ್ರ್ಯಾಪ್ ಮುಚ್ಚಿ ಒಂದೆರಡು ಇಂಚು ನೀರು ನಿಲ್ಲಿಸಿ, ಗೋಡೆ ಮೇಲೆ ಪೆನ್ಸಿಲಲ್ಲಿ ಗೆರೆ ಎಳೆದು 24 ಗಂಟೆ, ಸಾಧ್ಯ ಆದ್ರೆ 48 ಗಂಟೆ ಬಿಡಿ. ನೀರು ಗೆರೆಯಿಂದ ಚೆನ್ನಾಗಿ ಕೆಳಗೆ ಇಳಿದಿದ್ರೆ ಅಥವಾ ಕೆಳಗಿನ ಸೀಲಿಂಗಲ್ಲಿ ತೇವ ಕಂಡ್ರೆ ಟೈಲ್ಸ್ ಕೂರಿಸೋಕೆ ಬಿಡ್ಬೇಡಿ, ಎಷ್ಟೇ ಗೊಣಗಲಿ. ಇಳಿಜಾರೂ ಅಷ್ಟೇ ಮುಖ್ಯ, ಒಂದು ಮೀಟರಿಗೆ ಸುಮಾರು 1 ಸೆಂಟಿಮೀಟರ್ ಆದ್ರೂ ಟ್ರ್ಯಾಪ್ ಕಡೆ ಇಳೀಬೇಕು, ಇಲ್ಲಾಂದ್ರೆ ಎಂಥಾ ದುಬಾರಿ ಟೈಲ್ಸ್ ಹಾಕಿದ್ರೂ ದಿನಾ ವೈಪರ್ ಹಿಡ್ಕೊಂಡು ನಿಲ್ಲಬೇಕು.

ಗೋಡೆ ಒಳಗಿನ ಪೈಪು ವೈರಿಗೂ ಇದೇ ಮಾತು. ಬಿಸಿನೀರಿನ ಲೈನಿಗೆ ಮಾಮೂಲಿ ಪಿವಿಸಿ ಹಾಕಬಾರದು, ಬಿಸಿಗೆ ಮೆತ್ತಗಾಗುತ್ತೆ, ಬಿಸಿ ತಡೆಯೋ ಸಿಪಿವಿಸಿ ಥರದ್ದೇ ಬೇಕು. ವೈರ್ ತಾಮ್ರದ್ದಿರಲಿ, ದಪ್ಪ ಲೋಡಿಗೆ ತಕ್ಕಂಗಿರಲಿ, ಲೈಟ್ ಫ್ಯಾನಿಗೆ ನಡೆಯೋ ವೈರಲ್ಲಿ ಗೀಸರ್ ಓಡಿಸಿದ್ರೆ ವೈರ್ ಕಾಯುತ್ತೆ, ಅದು ಗೋಡೆ ಒಳಗೆ ಕಾಯೋದು ನಮಗೆ ಗೊತ್ತೇ ಆಗಲ್ಲ. ಅರ್ಥಿಂಗ್ ಸರಿ ಇರಬೇಕು, 30 ಮಿಲಿಆಂಪಿಯರ್ ಆರ್‌ಸಿಸಿಬಿ ಒಂದು ಹಾಕಿಸಿ, ಅದು ಶಾಕ್ ಹೊಡೆದಾಗ ಕರೆಂಟ್ ಕಟ್ ಮಾಡೋದು. ಸೀಲಿಂಗಿಗೆ ಬಣ್ಣ ಬಣ್ಣದ ಲೈಟಿಗೆ ದುಡ್ಡಿದೆ, ಇದಕ್ಕಿಲ್ಲ ಅನ್ನೋದು ಕೇಳಿದ್ರೆ ನಂಗೆ ನಿಜವಾಗ್ಲೂ ಹೊಟ್ಟೆ ಉರಿಯುತ್ತೆ.

ಮರದ ಕೆಲಸದಲ್ಲಿ ಉಳಿಸೋಕೆ ಜಾಗ ಇದೆ. ಎಲ್ಲಾ ಕಡೆ ವಾಟರ್ ಪ್ರೂಫ್ ಪ್ಲೈವುಡ್ಡೇ ಬೇಕು ಅಂತೇನಿಲ್ಲ, ಮಲಗೋ ಕೋಣೆ ವಾರ್ಡ್ರೋಬಿಗೆ ಸಾಧಾರಣ ಪ್ಲೈ ಸಾಕು, ಗೋಡೆ ಒಣಗಿದ್ರೆ ಆಯ್ತು. ಆದ್ರೆ ಅಡುಗೆಮನೆ ಸಿಂಕ್ ಕೆಳಗೆ ಮಾತ್ರ ಒಳ್ಳೇದೇ ಹಾಕಿ, ಅಲ್ಲಿ ಪಾರ್ಟಿಕಲ್ ಬೋರ್ಡ್ ಹಾಕಿದ್ರೆ ಒಂದು ಸಲ ನೀರು ಸೋರಿದ್ರೂ ರೊಟ್ಟಿ ಥರ ಉಬ್ಬುತ್ತೆ, ಒಣಗಿಸಿದ್ರೂ ಮತ್ತೆ ಮೊದಲಿನ ಥರ ಆಗಲ್ಲ. ಯಾವ ಪ್ಲೈ ಅಂತ ಅನುಮಾನ ಬಂದ್ರೆ ಕಾರ್ಪೆಂಟರ್ ಹತ್ರ ಕತ್ತರಿಸಿ ಉಳಿದ ಒಂದು ತುಂಡು ಇಸ್ಕೊಂಡು ಬಕೆಟ್ ನೀರಲ್ಲಿ ಎರಡು ದಿನ ಮುಳುಗಿಸಿಡಿ, ಪದರ ಬಿಟ್ಕೊಂಡ್ರೆ ಅದು ಸಿಂಕ್ ಹತ್ರ ಬೇಡ. ಅಂಚಿಗೆ ಪಟ್ಟಿ ಸರಿಯಾಗಿ ಅಂಟಿಸಿದಾರಾ ಅಂತ ಕೈಯಾಡಿಸಿ ನೋಡಿ, ನೀರು ಒಳಗೆ ಹೋಗೋ ದಾರೀನೇ ಅದು. ಹಿಂಜು ಮತ್ತೆ ಡ್ರಾಯರ್ ಚಾನಲ್ಲು ದಿನಾ ಹತ್ತು ಸಲ ಆಡೋ ವಸ್ತು, ಅವು ಒಳ್ಳೇದಿರಲಿ. ಹ್ಯಾಂಡಲ್ ಯಾವುದಾದ್ರೂ ನಡೆಯುತ್ತೆ.

ನಲ್ಲಿ ತಗೊಳ್ಳುವಾಗ ಹೊಳಪು ನೋಡ್ಬೇಡಿ, ಕೈಲಿ ಹಿಡಿದು ತೂಕ ನೋಡಿ. ಹಿತ್ತಾಳೆದು ಭಾರ ಇರುತ್ತೆ, ಹಗುರ ಇದ್ರೆ ಒಳಗೆ ಬೇರೆ ಏನೋ ಇದೆ ಅಂತ. ತಿರುಗಿಸಿದ್ರೆ ನುಣ್ಣಗೆ ತಿರುಗಬೇಕು. ಒಳಗೆ ನೀರು ಬಿಡೋ ನಿಲ್ಲಿಸೋ ಭಾಗ, ಅಂದ್ರೆ ಕಾರ್ಟ್ರಿಡ್ಜ್, ಬಿಡಿಯಾಗಿ ಸಿಗುತ್ತಾ ಅಂತ ಅಂಗಡಿಯವರನ್ನ ಕೇಳಿ, ಸಿಗಲ್ಲ ಅಂದ್ರೆ ನಾಳೆ ಸೋರಿದಾಗ ಇಡೀ ನಲ್ಲೀನೇ ಬಿಸಾಡಬೇಕು.

ಬಣ್ಣಕ್ಕೆ ಬಂದ್ರೆ, ಅದು ಐದಾರು ವರ್ಷಕ್ಕೆ ಮತ್ತೆ ಬಳಿಸೋದೇ, ಎಲ್ಲಕ್ಕಿಂತ ಮೇಲಿನ ಡಬ್ಬಿ ಬೇಕಿಲ್ಲ. ಹಾಗಂತ ತೀರಾ ಕಳಪೆದೂ ಬೇಡ, ಕೂಲಿ ಎರಡಕ್ಕೂ ಅಷ್ಟೇ ಕೊಡ್ತೀರಲ್ಲ. ಗೋಡೆ ಉಜ್ಜಿ, ತೇವ ಎಲ್ಲಿಂದ ಬರ್ತಿದೆ ಅಂತ ಹುಡುಕಿ ನಿಲ್ಲಿಸಿ, ಪ್ರೈಮರ್ ಹಾಕಿ ಒಣಗೋಕೆ ಬಿಟ್ರೆ ಮಧ್ಯಮ ದರದ ಬಣ್ಣಾನೂ ಚೆನ್ನಾಗಿ ಬಾಳಿಕೆ ಬರುತ್ತೆ. ಪರದೆ, ಕನ್ನಡಿ, ಲೈಟ್ ಶೇಡು ಇವಕ್ಕೆಲ್ಲ ಕಡಿಮೆದೇ ತಗೊಳ್ಳಿ, ಬೇಜಾರಾದಾಗ ಬದಲಾಯಿಸ್ಕೋಬಹುದು.

ಕೊಟೇಶನ್ ಮೂರು ಕಡೆ ತಗೊಳ್ಳಿ, ಆದ್ರೆ ಕೆಳಗಿನ ಮೊತ್ತ ಮಾತ್ರ ನೋಡಿ ಹೋಲಿಸ್ಬೇಡಿ. ಪ್ಲೈ ಎಷ್ಟು ಮಿಲಿಮೀಟರ್, ಯಾವ ಗ್ರೇಡು, ಬಣ್ಣ ಎಷ್ಟು ಕೋಟು, ಒಡೆದ ಮಣ್ಣು ಸಾಗಿಸೋದು ಯಾರ ಖರ್ಚು, ಎಲ್ಲಾ ಬರೆಸ್ಕೊಳ್ಳಿ, ಆಗ ಅಗ್ಗ ಅಂದವರು ಏನೇನು ಬಿಟ್ಟಿದಾರೆ ಅಂತ ಗೊತ್ತಾಗುತ್ತೆ. ಕೊನೇ ಕಂತು ಸ್ವಲ್ಪ ಕೈಲಿಟ್ಕೊಂಡು ನಲ್ಲಿ, ಸ್ವಿಚ್ಚು, ಬಾಗಿಲು ಎಲ್ಲಾ ಆಡಿಸಿ ನೋಡಿ ಆಮೇಲೆ ಕೊಡಿ. ಟೈಲ್ಸ್ ಹತ್ತು ಪರ್ಸೆಂಟ್ ಜಾಸ್ತಿ ಒಂದೇ ಬ್ಯಾಚಿಂದು ತಗೊಂಡು ಮಿಕ್ಕಿದ್ದು ಎತ್ತಿಡಿ, ಮುಂದೆ ಒಂದು ಒಡೆದಾಗ ಅದೇ ಶೇಡ್ ಸಿಗೋದು ಕಷ್ಟ. ಗೋಡೆ ಮುಚ್ಚೋ ಮೊದಲು ಪೈಪು ವೈರು ಹೋಗಿರೋ ದಾರೀನ ಟೇಪ್ ಹಿಡಿದು ಫೋಟೋ ತೆಗೆದಿಟ್ಕೊಳ್ಳಿ, ಮೊಳೆ ಹೊಡೆಯೋ ದಿನ ಬೇಕಾಗುತ್ತೆ.

ಮಗಳು ಕೋಟಿಂಗ್ ಒಣಗಿದ ಮೇಲೆ ನಿನ್ನೆ ನೀರು ನಿಲ್ಲಿಸಿದಾಳೆ, ಪೆನ್ಸಿಲ್ ಗೆರೆ ಫೋಟೋನೂ ಕಳ್ಸಿದ್ಲು. ನಾಳೆ ಸಂಜೆ ನೋಡ್ಬೇಕು. ಆ ಗೆರೆ ಹತ್ರಾನೇ ನೀರಿದ್ರೆ ಟೈಲ್ಸ್ ಯಾವುದು ಅಂತ ಇಬ್ರೂ ಕೂತು ಆರಿಸ್ತೀವಿ, ಕಾಲು ಜಾರದ ಮ್ಯಾಟ್ ಟೈಲ್ಸೇ ಇರಲಿ ಅಂತ ಮಾತ್ರ ಈಗ್ಲೇ ಹೇಳಿದೀನಿ.