ವೇದನೆಗೂ ತೃಷ್ಣೆಗೂ ನಡುವೆ: ದಿನನಿತ್ಯದ ಬದುಕಿನಲ್ಲಿ ಎಚ್ಚರದ ಅಭ್ಯಾಸ

ಪಾಲಿ ಭಾಷೆಯ ‘ಸತಿ’ ಸಂಸ್ಕೃತದ ‘ಸ್ಮೃತಿ’ಯೇ ಆಗಿದ್ದರೂ, ಬುದ್ಧನು ಅದನ್ನು ಬಳಸುವ ಅರ್ಥಕ್ಕೆ ಕನ್ನಡದಲ್ಲಿ ತೀರ ಹತ್ತಿರವಾಗಿರುವ ಮಾತು ‘ಎಚ್ಚರ’. ಬುದ್ಧನ ಉಪದೇಶಗಳ ಪಾಲಿ ಸಂಗ್ರಹಗಳಲ್ಲೊಂದಾದ ಮಜ್ಝಿಮ ನಿಕಾಯದ ಹತ್ತನೆಯ ಸೂತ್ರವಾದ (ಪಾಲಿಯಲ್ಲಿ ‘ಸುತ್ತ’) ಸತಿಪಟ್ಠಾನ ಸುತ್ತವು ಈ ಎಚ್ಚರವನ್ನು ಧ್ಯಾನಕ್ಕೆ ಕುಳಿತ ಹೊತ್ತಿಗೆ ಮೀಸಲಿಡುವುದಿಲ್ಲ. ನಡೆಯುವಾಗ, ಉಣ್ಣುವಾಗ, ಚೀವರವನ್ನು (ಭಿಕ್ಷುವಿನ ವಸ್ತ್ರವನ್ನು) ಹೊದೆಯುವಾಗ, ಮಲಮೂತ್ರ ವಿಸರ್ಜಿಸುವಾಗ, ಮಾತನಾಡುವಾಗ ಮತ್ತು ಸುಮ್ಮನಿರುವಾಗಲೂ ಭಿಕ್ಷುವು ತಾನು ಮಾಡುತ್ತಿರುವುದನ್ನು ಅರಿತೇ ಮಾಡುತ್ತಾನೆ ಎಂದು ಅದು ಹೇಳುತ್ತದೆ. ಕಚೇರಿಗೆ ಹೋಗಿ ಬರುವವರಿಗೂ ಮನೆ ನಡೆಸುವವರಿಗೂ ಇದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ.

ಆದರೂ ದಿನಕ್ಕೆ ಹತ್ತು ನಿಮಿಷ ಕುಳಿತುಕೊಳ್ಳುವುದರಿಂದಲೇ ಆರಂಭಿಸುವುದು ಒಳ್ಳೆಯದು. ಆನಾಪಾನಸತಿ ಸುತ್ತದಲ್ಲಿ ಉಸಿರಾಟದ ಅಭ್ಯಾಸಕ್ಕೆ 16 ಹಂತಗಳಿವೆ. ಹೊಸಬರಿಗೆ ಮೊದಲ ಎರಡು ಸಾಕು. ಉದ್ದದ ಉಸಿರನ್ನು ಉದ್ದವೆಂದೂ, ಗಿಡ್ಡ ಉಸಿರನ್ನು ಗಿಡ್ಡವೆಂದೂ ತಿಳಿಯುವುದು, ಅಷ್ಟೆ. ಉಸಿರನ್ನು ಹಿಡಿಯುವುದಾಗಲಿ ತಿದ್ದುವುದಾಗಲಿ ಇಲ್ಲಿಲ್ಲವಾದ್ದರಿಂದ ಇದನ್ನು ಪ್ರಾಣಾಯಾಮದೊಂದಿಗೆ ಬೆರೆಸಬಾರದು. ಮಂಡಿನೋವಿರುವವರು ಕುರ್ಚಿಯಲ್ಲಿ ಕುಳಿತುಕೊಳ್ಳಬಹುದು. ಮನಸ್ಸು ಹೊರಗೆ ಅಲೆದದ್ದು ತಿಳಿದಾಗ ಬೇಸರಪಡದೆ ಉಸಿರಿಗೆ ಮರಳಬೇಕು.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಕನ್ನಡದಲ್ಲಿ ನಾವು ಪ್ರಸವವೇದನೆ, ಮನೋವೇದನೆ ಎನ್ನುತ್ತೇವೆ. ನಮಗೆ ವೇದನೆಯೆಂದರೆ ನೋವು. ಬೌದ್ಧ ಗ್ರಂಥಗಳಲ್ಲಿ ಮಾತ್ರ ಈ ಪದಕ್ಕೆ ಹೆಚ್ಚು ವಿಸ್ತಾರವಾದ ಅರ್ಥವಿದೆ. ಸುಖ, ದುಃಖ ಮತ್ತು ಎರಡೂ ಅಲ್ಲದ್ದು ಎಂಬ ಮೂರು ಬಗೆಯ ಅನುಭವಗಳೂ ವೇದನೆಗಳೇ. ಈ ಪದವನ್ನು ನೋವೆಂದು ಓದಿಕೊಂಡವರಿಗೆ ಬುದ್ಧನ ಉಪದೇಶದ ಅತ್ಯಂತ ಉಪಯುಕ್ತವಾದ ಭಾಗವೇ ಕೈತಪ್ಪಿಹೋಗುತ್ತದೆ. ಏಕೆಂದರೆ ದುಃಖವು ಒಂದರಿಂದೊಂದಾಗಿ ಹೇಗೆ ಹುಟ್ಟುತ್ತದೆ ಎಂಬುದನ್ನು ಹೇಳುವ ಪ್ರತೀತ್ಯಸಮುತ್ಪಾದದ ಹನ್ನೆರಡು ಕೊಂಡಿಗಳಲ್ಲಿ ಸ್ಪರ್ಶದಿಂದ ವೇದನೆ, ವೇದನೆಯಿಂದ ತೃಷ್ಣೆ (ಬೇಕೆಂಬ ಹಂಬಲ), ತೃಷ್ಣೆಯಿಂದ ಉಪಾದಾನ (ಅಂಟಿಕೊಳ್ಳುವಿಕೆ) ಹುಟ್ಟುತ್ತವೆ. ವೇದನೆ ಹುಟ್ಟುವುದನ್ನು ನಾವು ತಡೆಯಲಾರೆವಾದರೂ, ಅದು ತೃಷ್ಣೆಯಾಗಿ ಬೆಳೆಯುವ ಮೊದಲು ಅದನ್ನು ಗುರುತಿಸಲು ಕಲಿಯಬಹುದು.

ಇದನ್ನು ಕಲಿಯಲು ಮೊಬೈಲ್‌ಗಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಒಂದು ವಾರ ಮೊಬೈಲ್ ಬಳಕೆಯನ್ನು ಕಡಿಮೆ ಮಾಡುವ ಯಾವ ಪ್ರಯತ್ನವನ್ನೂ ಮಾಡಬೇಡಿ. ಅದು ಸದ್ದು ಮಾಡಿದಾಗ, ಕೈ ಚಾಚುವ ಮೊದಲು ಒಂದು ಉಸಿರನ್ನು ಪೂರ್ತಿಯಾಗಿ ಒಳಗೆಳೆದು ಬಿಡಿ. ಆ ಹೊತ್ತಿನಲ್ಲಿ ಒಳಗೆ ಏನಾಗುತ್ತಿದೆ ಎಂಬುದನ್ನು ಹಿತ, ಅಹಿತ, ಎರಡೂ ಅಲ್ಲ ಎಂಬ ಮೂರರಲ್ಲಿ ಒಂದು ಮಾತಿನಿಂದ ಗುರುತಿಸಿ, ಎದೆಯಲ್ಲೋ ಹೊಟ್ಟೆಯಲ್ಲೋ ಅದು ಎಲ್ಲಿ ತೋರುತ್ತಿದೆ ಎಂಬುದನ್ನು ಗಮನಿಸಿ. ಬಳಿಕ ಮೊಬೈಲನ್ನು ಎತ್ತಿಕೊಂಡರೂ ತಪ್ಪಿಲ್ಲ. ಎಲ್ಲ ಸಲವೂ ನೆನಪಾಗದು. ಆದ್ದರಿಂದ ಬೆಳಗಿನ ಮೊದಲ ಕರೆಯನ್ನೋ ಊಟದ ನಂತರದ ಮೊದಲ ಸಂದೇಶವನ್ನೋ ಮಾತ್ರ ಆರಿಸಿಕೊಳ್ಳಿ.

ನಾಲ್ಕೈದು ದಿನಗಳಲ್ಲಿ ಮತ್ತೊಂದು ಸಂಗತಿ ನಿಮ್ಮ ಗಮನಕ್ಕೆ ಬರಬಹುದು. ಯಾವ ಸದ್ದೂ ಆಗದೆ, ಬಸ್ಸಿಗಾಗಿ ನಿಂತಾಗ ಅಥವಾ ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವಾಗ ಕೈ ತಾನಾಗಿ ಮೊಬೈಲಿನ ಕಡೆಗೆ ಹೋಗುತ್ತದೆ. ಅಲ್ಲಿ ಕೆಲಸ ಮಾಡುವುದು ಮೂರನೆಯ ವೇದನೆ. ಚೂಳವೇದಲ್ಲ ಸುತ್ತದಲ್ಲಿ ಭಿಕ್ಖುಣಿ ಧಮ್ಮದಿನ್ನೆಯು ಗೃಹಸ್ಥನಾದ ವಿಶಾಖನ ಪ್ರಶ್ನೆಗಳಿಗೆ ಉತ್ತರಿಸುತ್ತಾ, ಸುಖದ ಅಡಿಯಲ್ಲಿ ರಾಗವೂ, ದುಃಖದ ಅಡಿಯಲ್ಲಿ ದ್ವೇಷವೂ, ಎರಡೂ ಅಲ್ಲದ್ದರ ಅಡಿಯಲ್ಲಿ ಅವಿದ್ಯೆಯೂ ಹುದುಗಿರುತ್ತವೆ ಎಂದು ತಿಳಿಸುತ್ತಾಳೆ. ಬೇಸರದ ಗಳಿಗೆಗಳಲ್ಲಿ ನಾವು ನಮಗೇ ತಿಳಿಯದಂತೆ ಏಕೆ ವರ್ತಿಸುತ್ತೇವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಓದಿಲ್ಲ. ಹಾಲು ಉಕ್ಕುವವರೆಗೆ ಆ ಬೇಸರವನ್ನೇ ನೋಡುತ್ತಾ ನಿಲ್ಲುವುದು ಪೂರ್ಣ ಪ್ರಮಾಣದ ಅಭ್ಯಾಸ.

ಅಹಿತವಾದ ವೇದನೆಗೆ ಸಲ್ಲತ್ಥ ಸುತ್ತದ ಎರಡು ಬಾಣಗಳ ಉಪಮೆ ನೆರವಾಗುತ್ತದೆ. ಮೇಲಧಿಕಾರಿಯು ಎಲ್ಲರೆದುರು ಕಟುವಾಗಿ ಮಾತನಾಡಿದಾಗ ಮುಖ ಬಿಸಿಯಾಗುವುದು ಮೊದಲ ಬಾಣ. ‘ನನಗೇ ಯಾವಾಗಲೂ ಹೀಗೆ’ ಎಂದು ರಾತ್ರಿಯವರೆಗೆ ಕೊರಗುವುದು ಎರಡನೆಯದು. ಮುಖದ ಬಿಸಿಯನ್ನು ಬಿಸಿಯೆಂದೇ ಅರಿಯಿರಿ, ಪಾದಗಳು ನೆಲಕ್ಕೆ ತಾಗಿರುವುದನ್ನು ಗಮನಿಸಿ, ಉತ್ತರ ಹೇಳಲೇಬೇಕಿದ್ದರೆ ಆ ಬಳಿಕ ಹೇಳಿ. ಅನ್ಯಾಯವನ್ನು ಸಹಿಸಿಕೊಂಡಿರಬೇಕು ಎಂಬುದು ಇದರ ಅರ್ಥವಲ್ಲ. ತೀವ್ರವಾದ ಖಿನ್ನತೆ ಅಥವಾ ಆಘಾತದ ನೆನಪುಗಳಿಂದ ಬಳಲುತ್ತಿರುವವರು ದಿನಕ್ಕೆ ಸುಮಾರು ಹತ್ತು ಗಂಟೆ ಮೌನದಲ್ಲಿ ಕೂರಿಸುವ 10 ದಿನಗಳ ಶಿಬಿರಗಳಿಗೆ ಹೋಗುವ ಮುನ್ನ ವೈದ್ಯರನ್ನು ಕೇಳುವುದು ಅಗತ್ಯ.

ಶೀಲವನ್ನು, ಅಂದರೆ ನಡೆನುಡಿಯ ನೀತಿಯನ್ನು ಕೈಬಿಟ್ಟು ಎಚ್ಚರವನ್ನು ಮಾತ್ರ ಕೆಲಸದ ದಕ್ಷತೆಗಾಗಿ ಬಳಸುವುದು ಈಚೆಗೆ ಹೆಚ್ಚಾಗಿದೆ. ಇದು ನನಗೆ ನಿಜವಾಗಿಯೂ ಕಳವಳದ ವಿಷಯ. ಬುದ್ಧನು ತನ್ನ ಮಗ ರಾಹುಲನಿಗೆ ಸುಳ್ಳಿನ ಕುರಿತು ನೀಡಿದ ಉಪದೇಶವನ್ನು ಅಶೋಕನು ರಾಜಸ್ಥಾನದ ಬೈರಾಟ್ ಶಾಸನದಲ್ಲಿ ಹೆಸರಿಸಿ, ಭಿಕ್ಷುಗಳೂ ಗೃಹಸ್ಥರೂ ಅದನ್ನು ಕೇಳಬೇಕೆಂದು ಬಯಸಿದ್ದಾನೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ಸತ್ಯವನ್ನು ನುಡಿಯಬೇಕೆಂದು ಬರೆಸಿದ್ದಾನೆ. ಕನ್ನಡಿ ಇರುವುದು ನೋಡಿಕೊಳ್ಳಲಿಕ್ಕೆ; ಹಾಗೆಯೇ ಕೆಲಸಕ್ಕೆ ಮೊದಲು, ಮಾಡುತ್ತಿರುವಾಗ ಮತ್ತು ಮಾಡಿದ ಮೇಲೆ, ಇದರಿಂದ ನನಗಾಗಲಿ ಇತರರಿಗಾಗಲಿ ಕೇಡಾಗುವುದೇ ಎಂದು ನೋಡಿಕೊಳ್ಳಬೇಕೆಂಬುದು ರಾಹುಲನಿಗೆ ಹೇಳಿದ ಮಾತಿನ ಸಾರ. ವಾಟ್ಸ್ಆ್ಯಪ್ ಗುಂಪಿಗೆ ಏನನ್ನಾದರೂ ಕಳುಹಿಸುವ ಮುನ್ನ ಇದನ್ನು ಕೇಳಿಕೊಳ್ಳಬಹುದು. ಸುಳ್ಳು, ಚಾಡಿ, ಕಟುನುಡಿ, ಹರಟೆ ಎಂಬ ನಾಲ್ಕರಲ್ಲಿ ಒಂದಾದರೂ ಅದರಲ್ಲಿದ್ದರೆ ಕಳುಹಿಸದಿರುವುದು ಸುಲಭವಾಗುತ್ತದೆ.

ಮಲಗುವ ಮುನ್ನ ಆ ದಿನದ ಒಂದು ಮಾತನ್ನು ಮಾತ್ರ ಹಾಗೆ ಹಿಂದಿರುಗಿ ನೋಡಿ. ಅದರಿಂದ ಯಾರಿಗಾದರೂ ನೋವಾಗಿದ್ದರೆ, ನಂಬಿಕೆಯ ಹಿರಿಯರಲ್ಲಿ ಅಥವಾ ಗೆಳೆಯರಲ್ಲಿ ಅದನ್ನು ಹೇಳಿಕೊಂಡು ಮುಂದೆ ತಡೆದುಕೊಳ್ಳುವಂತೆ ರಾಹುಲನಿಗೆ ಉಪದೇಶಿಸಿದ ಆ ಸುತ್ತವು ಸೂಚಿಸುತ್ತದೆ. ಒಳ್ಳೆಯದಾಗಿದ್ದರೆ ಆ ಸಂತೋಷದಲ್ಲಿಯೇ ಇರಬೇಕೆಂದೂ ಅದೇ ಸುತ್ತವು ಹೇಳುವುದರಿಂದ, ದೀಪ ಆರಿಸಿದ ಮೇಲೆ ಒಂದೆರಡು ನಿಮಿಷ ಆ ಸಂತೋಷದೊಂದಿಗೆ ಮಲಗಿರಿ.