ಖಾಲಿ ಬಾಟಲಿ ಹಿಡಿದು ರೋಮ್ ಸುತ್ತಿ: ಒಂದು ದಿನದ ಕಾಲ್ನಡಿಗೆ

ರೋಮ್‌ಗೆ ಹೋದವರಲ್ಲಿ ಎಷ್ಟೋ ಜನ ಮೊದಲ ದಿನವೇ ಕೊಲೋಸಿಯಂ, ವ್ಯಾಟಿಕನ್ ಎರಡನ್ನೂ ಮುಗಿಸಲು ಓಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡೂ ಕಡೆ ಕ್ಯೂ ಜಾಸ್ತಿ. ಅವನ್ನು ಬೇರೆ ದಿನಕ್ಕೆ ಇಟ್ಟುಕೊಂಡು, ಒಂದು ದಿನ ಸುಮ್ನೆ ನಡೆಯಿರಿ. ಈ ದಾರಿ ಒಟ್ಟು 5 ಕಿಲೋಮೀಟರ್ ಆಸುಪಾಸು. ಉದ್ದಕ್ಕೂ ಜೊತೆಗೆ ನೀರಿರುತ್ತದೆ.

ಹೊರಡುವ ಮುಂಚೆ

ಒಂದು ಖಾಲಿ ಬಾಟಲಿ ಸಾಕು. ರೋಮಿನ ಬೀದಿಗಳಲ್ಲಿ 2,500ಕ್ಕೂ ಹೆಚ್ಚು ಕಬ್ಬಿಣದ ನಲ್ಲಿಗಳಿವೆ. ಕೊಳವೆ ಮೂಗಿನಂತೆ ಬಾಗಿರುವುದರಿಂದ ಜನ ಇವನ್ನು ‘ನಸೋನೆ’, ಅಂದರೆ ದೊಡ್ಡ ಮೂಗು ಅನ್ನುತ್ತಾರೆ. ಮೊದಲಿನವು ಬಂದದ್ದು 1870ರ ದಶಕದಲ್ಲಿ. ತಣ್ಣಗಿನ ಕುಡಿಯುವ ನೀರು, ಪೂರ್ತಿ ಉಚಿತ. ಕೊಳವೆಯ ಬಾಯಿಯನ್ನು ಬೆರಳಿಂದ ಮುಚ್ಚಿ ನೋಡಿ. ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ, ಬಾಗಿ ಕುಡಿಯಬಹುದು. ಮಕ್ಕಳಿಗಂತೂ ಇದೇ ದೊಡ್ಡ ಆಟ.

ಚಪ್ಪಲಿ ಬೇಡ, ದಪ್ಪ ಅಡಿಯ ಶೂ ಹಾಕಿ. ಬೀದಿಗೆಲ್ಲಾ ಚಿಕ್ಕ ಕಪ್ಪು ಕಲ್ಲುಗಳನ್ನು ಹಾಸಿದ್ದಾರೆ. ಮಳೆ ಬಿದ್ದರೆ ಜಾರುತ್ತವೆ, ಒಣಗಿದ್ದರೂ ಪಾದ ನೋಯಿಸುತ್ತವೆ. ಚರ್ಚ್ ಒಳಗೆ ಹೋಗುವಾಗ ಭುಜ ಮುಚ್ಚಿಕೊಳ್ಳಲು ಒಂದು ದುಪಟ್ಟಾ ಇರಲಿ. ಏಪ್ರಿಲ್-ಮೇ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ.

ಬೆಳಿಗ್ಗೆ ಆರೂವರೆ: ಟ್ರೆವಿ ಕಾರಂಜಿ

ಬಾರ್ಬೆರಿನಿ ಮೆಟ್ರೋ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ. ಬೇಗ ಏಳುವುದು ಕಷ್ಟ, ಗೊತ್ತು. ಆದರೆ ಹತ್ತು ಗಂಟೆಗೆ ಬಂದರೆ ಜನರ ತಲೆ ಬಿಟ್ಟು ಬೇರೇನೂ ಕಾಣದು. ಬೆಳಿಗ್ಗೆಯಾದರೆ ನೀರಿನ ಸದ್ದು ಕೇಳುತ್ತಾ ನಿಲ್ಲಬಹುದು.

ಈ ಕಾರಂಜಿ ಮುಗಿದದ್ದು 1762ರಲ್ಲಿ. ಆದರೆ ಇದಕ್ಕೆ ನೀರು ತರುವ ಕಾಲುವೆ ಕ್ರಿಸ್ತಪೂರ್ವ 19ರದ್ದು! ಅಗ್ರಿಪ್ಪ ಎಂಬ ಸೇನಾಪತಿ ಅದನ್ನು ಕಟ್ಟಿಸಿದ. ಬಾಯಾರಿದ ಸೈನಿಕರಿಗೆ ಒಬ್ಬ ಹುಡುಗಿ ನೀರಿನ ಸೆಲೆ ತೋರಿಸಿದಳು ಅಂತ ಕಥೆ. ಕಾರಂಜಿಯ ಮೇಲ್ಭಾಗದ ಕೆತ್ತನೆಯಲ್ಲಿ ಅವಳನ್ನು ಹುಡುಕಿ. ಅಗ್ರಿಪ್ಪನ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕ್ಯಾಪಿಟೋಲಿನ್ ಗುಡ್ಡ

ಪಿಯಾತ್ಸಾ ವೆನೆತ್ಸಿಯಾ ಚೌಕ ದಾಟಿ ಗುಡ್ಡ ಹತ್ತಿ. ಮೇಲಿನ ಚೌಕದ ವಿನ್ಯಾಸ ಮೈಕೆಲೇಂಜೆಲೋನದು. ಅಲ್ಲೇ ನಿಂತುಬಿಡಬೇಡಿ. ಎದುರಿನ ಕಟ್ಟಡದ ಪಕ್ಕದಿಂದ ಹಿಂದಕ್ಕೆ ಹೋದರೆ ಹಳೆಯ ರೋಮಿನ ಫೋರಂ, ಅಂದರೆ ಆಗಿನ ಊರಿನ ಮುಖ್ಯ ಚೌಕದ ಅವಶೇಷ, ಪೂರ್ತಿ ಕಾಲ ಕೆಳಗೆ ಬಿಚ್ಚಿಕೊಳ್ಳುತ್ತದೆ. ಟಿಕೆಟ್ ಇಲ್ಲ. ದೂರದಲ್ಲಿ ಕೊಲೋಸಿಯಂ ಕೂಡ ಕಾಣುತ್ತದೆ.

ಇಳಿದು ಹಳೆಯ ಯಹೂದಿ ಕೇರಿಯ ಕಡೆ ನಡೆಯಿರಿ. ಪಿಯಾತ್ಸಾ ಮತ್ತೇಯಿ ಎಂಬ ಪುಟ್ಟ ಚೌಕದಲ್ಲಿ ನಾಲ್ವರು ಕಂಚಿನ ಹುಡುಗರು ಆಮೆಗಳನ್ನು ನೀರಿನ ಬಟ್ಟಲಿಗೆ ಹತ್ತಿಸುತ್ತಿದ್ದಾರೆ. ಕಾರಂಜಿ 1580ರ ದಶಕದ್ದು, ಆಮೆಗಳು ಆಮೇಲೆ ಬಂದವು. ಇಡೀ ರೋಮಿನಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಐದು ನಿಮಿಷ ದೂರದ ಲಾರ್ಗೋ ಅರ್ಜೆಂತೀನಾದಲ್ಲಿ, ಬೀದಿಗಿಂತ ಕೆಳಗೆ, ಹಳೆಯ ಗುಡಿಗಳ ಅವಶೇಷಗಳಿವೆ. ಜೂಲಿಯಸ್ ಸೀಸರ್‌ನನ್ನು ಇರಿದು ಕೊಂದದ್ದು ಇದೇ ಜಾಗದಲ್ಲಿ. ಈಗ ಬೆಕ್ಕುಗಳು ಬಿಸಿಲು ಕಾಯಿಸುತ್ತಿರುತ್ತವೆ.

ಪ್ಯಾಂಥಿಯನ್

ಇದು ಹಳೆಯ ರೋಮನ್ನರ ಗುಡಿ, ಈಗ ಚರ್ಚ್. 2023ರಿಂದ ಇಲ್ಲಿ ಟಿಕೆಟ್ ಇದೆ. ಕೊಡಿ, ಬೇಸರವಿಲ್ಲದೆ ಕೊಡಿ. ಬಾಗಿಲ ಮೇಲಿನ ದೊಡ್ಡ ಅಕ್ಷರಗಳನ್ನು ಓದಿ: ಅದೇ ಅಗ್ರಿಪ್ಪನ ಹೆಸರು! ಅವನ ಕಟ್ಟಡ ಸುಟ್ಟುಹೋಯಿತು. ನಂತರ ಹೇಡ್ರಿಯನ್ ಚಕ್ರವರ್ತಿ ಈಗಿನದನ್ನು ಕಟ್ಟಿಸಿದ, ಹಳಬನ ಹೆಸರನ್ನು ಹಾಗೇ ಉಳಿಸಿದ. ಗುಮ್ಮಟದ ಅಗಲ ಸುಮಾರು 43 ಮೀಟರ್, ನೆಲದಿಂದ ನೆತ್ತಿಯ ಎತ್ತರವೂ ಅಷ್ಟೇ. ಒಳಗೆ ಕಬ್ಬಿಣದ ಸರಳಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಜಗತ್ತಿನಲ್ಲಿ ಇಂದಿಗೂ ಇದೇ ದೊಡ್ಡದು. ನೆತ್ತಿಯ ತೆರೆದ ಕಿಂಡಿಯಿಂದ ಮಳೆ ನೇರ ಒಳಗೆ ಬೀಳುತ್ತದೆ. ನೆಲದಲ್ಲಿ ನೀರು ಇಳಿಯಲು ತೂತುಗಳಿವೆ, ಹುಡುಕಿ ನೋಡಿ.

ಹೊರಬಂದ ಮೇಲೆ ಕಾಫಿ. ಕೌಂಟರ್ ಬಳಿ ನಿಂತೇ ಕುಡಿಯಿರಿ, ಕೂತರೆ ಬೆಲೆ ಜಾಸ್ತಿ. ‘ಲಾತೆ’ ಎಂದು ಕೇಳಿದರೆ ಬರೀ ಹಾಲು ಬರುತ್ತದೆ. ನಮ್ಮ ನಾಲಿಗೆಗೆ ಕಪುಚೀನೋ ಹಿತ.

ನವೋನಾದಲ್ಲಿ ಗಂಗೆ

ಹಿಂದೆ ಓಟದ ಕ್ರೀಡಾಂಗಣವಾಗಿದ್ದಕ್ಕೇ ಈ ಚೌಕ ಉದ್ದಕ್ಕಿದೆ. ನಡುವಿನ ಕಾರಂಜಿಯನ್ನು 1651ರಲ್ಲಿ ಶಿಲ್ಪಿ ಬೆರ್ನಿನಿ ಮುಗಿಸಿದ. ನಾಲ್ಕು ಖಂಡಗಳಿಗೆ ನಾಲ್ಕು ನದಿಗಳ ಮೂರ್ತಿ: ಡ್ಯಾನ್ಯೂಬ್, ನೈಲ್, ದಕ್ಷಿಣ ಅಮೆರಿಕದ ಪ್ಲಾಟಾ, ಮತ್ತು ನಮ್ಮ ಗಂಗೆ. ಆದರೆ ಇಲ್ಲಿ ಗಂಗೆ ಗಡ್ಡದ ಗಂಡಸು! ಕೈಯಲ್ಲಿ ಹುಟ್ಟು ಹಿಡಿದಿದ್ದಾನೆ, ದೋಣಿ ಸಾಗುವ ನದಿ ಅನ್ನೋ ಗುರುತಿಗೆ. ಗಂಗಮ್ಮ ಎಂದೇ ಕರೆದು ಅಭ್ಯಾಸವಾದ ನಮಗೆ ಒಂದು ಕ್ಷಣ ಬೇಕಾಗುತ್ತದೆ, ಅಲ್ವಾ? ನೈಲ್ ಮುಖ ಮುಚ್ಚಿಕೊಂಡಿದ್ದಾನೆ, ಆಗ ಅದರ ಮೂಲ ಗೊತ್ತಿರಲಿಲ್ಲ.

ಮಧ್ಯಾಹ್ನ

ಹಲವು ಚರ್ಚ್‌ಗಳು ಹನ್ನೆರಡೂವರೆಯ ಹೊತ್ತಿಗೆ ಮುಚ್ಚಿ, ನಾಲ್ಕರ ಸುಮಾರಿಗೆ ತೆರೆಯುತ್ತವೆ. ಹಾಗಾಗಿ ಊಟಕ್ಕೆ ಇದೇ ಸಮಯ. ಕಾಂಪೋ ದೇ ಫಿಯೋರಿ ಸಂತೆಯ ಸುತ್ತ ತೂಕಕ್ಕೆ ಕತ್ತರಿಸಿ ಕೊಡುವ ಪಿಟ್ಸಾ ಅಂಗಡಿಗಳಿವೆ. ಮಾಂಸ ತಿನ್ನದವರು ‘ಸೆನ್ಸಾ ಕಾರ್ನೆ’ ಎಂದು ಹೇಳಿ. ಅಕ್ಕಿಯ ಉಂಡೆ ‘ಸುಪ್ಲಿ’ ನೋಡಲು ನಮ್ಮ ಬೋಂಡಾ ಥರ. ಒಳಗೆ ಮಾಂಸದ ಸಾಸ್ ಇರುವುದುಂಟು, ಕೇಳಿಯೇ ತಗೊಳ್ಳಿ.

ಸಂಜೆ, ಹೊಳೆಯಾಚೆ

ಪೋಂತೆ ಸಿಸ್ತೋ ಸೇತುವೆಯ ನಡುವೆ ಒಂದು ದುಂಡು ಕಿಂಡಿ ಇದೆ. ಟೈಬರ್ ನದಿ ಅಲ್ಲಿಯವರೆಗೆ ಏರಿದರೆ ಪ್ರವಾಹ ಬಂತು ಎಂದು ಊರಿನವರು ತಿಳಿಯುತ್ತಿದ್ದರು. ದಾಟಿದರೆ ತ್ರಸ್ತೇವೆರೆ ಎಂಬ ಹಳೆಯ ಬಡಾವಣೆ. ಸಾಂತಾ ಮರಿಯಾ ಚರ್ಚಿನ ಬಂಗಾರದ ಮೊಸಾಯಿಕ್ ನೋಡಿ, ಬಾಟಲಿ ತುಂಬಿಸಿಕೊಂಡು ಜನಿಕೊಲೋ ಗುಡ್ಡ ಹತ್ತಿ. ಏರು ಇದೆ, ಮಂಡಿನೋವಿನ ಹಿರಿಯರಿದ್ದರೆ ಟ್ಯಾಕ್ಸಿ ಮಾಡಿ. ಮೇಲೆ 1612ರ ಅಕ್ವಾ ಪಾವೋಲಾ ಕಾರಂಜಿ ಧುಮ್ಮಿಕ್ಕುತ್ತಿರುತ್ತದೆ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ತಲುಪಿ, ಕಾರಂಜಿಗೆ ಬೆನ್ನು ಮಾಡಿ ಕಟ್ಟೆಯ ಬಳಿ ನಿಲ್ಲಿ. ಬೆಳಿಗ್ಗೆಯಿಂದ ನಡೆದ ಊರೆಲ್ಲಾ ಕೆಳಗಿದೆ. ಮನೆಗಳ ಮಧ್ಯೆ ಪ್ಯಾಂಥಿಯನ್ನಿನ ತಗ್ಗು ಗುಮ್ಮಟ ಹುಡುಕಿ.